ನಿಮಗೆ ‘ಇರು’ ಅಂದವಳು ಯಾರು?

ನೇಪರ್‌ವಿಲ್
ಮಂಗಳವಾರ, ೧೩ ಮೇ ೨೦೨೫

ಸ್ವರೂಪಳ ಅಪ್ಪನವರಿಗೆ ನೀಲಮ್ಮ ಮಾಡುವ ಶರಣು ಶರಣಾರ್ಥಿ.

ನೀವು ಹೇಗಿದ್ದೀರಿ? ಇದನ್ನು ನಾನು ದಿನಾ ವಿಡಿಯೋ ಕಾಲಿನಲ್ಲಿ ಕೇಳುತ್ತೇನೆ. ನೀವು “ಆರಾಮ ಅದೀನಿ” ಅನ್ನುತ್ತೀರಿ. ಉಸಿರು ಬಿಡುವಷ್ಟರಲ್ಲಿ ಹಿಂದಿನಿಂದ ಸ್ವರೂಪ “ಅಪ್ಪಾ ಆರಾಮ ಅದಾರವ್ವಾ” ಅನ್ನುತ್ತಾಳೆ. ಒಬ್ಬ ಮನುಷ್ಯ ಆರಾಮವಾಗಿದ್ದಾನೆ ಎನ್ನುವುದಕ್ಕೆ ಮಗಳ ಸಾಕ್ಷಿ ಯಾಕೆ ಬೇಕು? ಗದಗಿನ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿ ಜೀವಮಾನವೆಲ್ಲ ಮಕ್ಕಳ ಸುಳ್ಳು ಹಿಡಿದವಳು ನಾನು. ಒಬ್ಬ “ನಾ ಮಾಡಿಲ್ರಿ” ಅನ್ನುವಾಗ ಪಕ್ಕದವನು ಕೇಳದೆಯೇ “ಹೌದ್ರಿ, ಅಂವ ಮಾಡಿಲ್ರಿ” ಅಂದರೆ, ಮಾಡಿದವನು ಯಾರೆಂದು ಅಲ್ಲಿಗೇ ಗೊತ್ತಾಗುತ್ತಿತ್ತು. ಅದಕ್ಕೇ ಈ ಪತ್ರ. ಫೋನು ಯಾವಾಗಲೂ ಸ್ಪೀಕರಿನಲ್ಲೇ ಇರುತ್ತದೆ. ಅಲ್ಲಿ ಸ್ವರೂಪ, ಇಲ್ಲಿ ಸೊಸೆ ಲಾವಣ್ಯ. ನಡುವೆ ನಾವಿಬ್ಬರೂ ಕನ್ಯೆ ನೋಡಲು ಬಂದವರ ಎದುರು ಕೂತಂತೆ ಬಿಗಿಯಾಗಿ ಕೂತಿರುತ್ತೇವೆ. ಸ್ವರೂಪಾ, ನೀನು ಇದನ್ನು ಅಪ್ಪನಿಗೆ ಓದಿ ಹೇಳುತ್ತಿದ್ದರೆ ಇಲ್ಲಿಗೇ ನಿಲ್ಲಿಸು. ಅವರ ಕನ್ನಡಕ ಹುಡುಕಿ ಕೊಟ್ಟು ನೀನು ಆಚೆ ಹೋಗು.

ನಾನು ಚೆನ್ನಾಗಿದ್ದೇನೆ. ಬಿಪಿ ಗುಳಿಗೆ ತಪ್ಪಿಸಿಲ್ಲ. ಇಲ್ಲಿ ಚಳಿ ಹೋಯಿತು ಎಂದು ಕೋಟು ಒಳಗಿಟ್ಟ ಮರುದಿನವೇ ಮತ್ತೆ ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದ ನಲವತ್ತು ಡಿಗ್ರಿಗೆ ಇಳಿಯಿತು. ನಮ್ಮ ಸಬ್‌ಡಿವಿಷನ್ನಿನ ಕೆರೆಯ ಬಾತುಗಳು ಮರಿ ಮಾಡಿವೆ. ಅವು ರಸ್ತೆ ದಾಟುವಾಗ ಕಾರುಗಳೆಲ್ಲ ಸಾಲಾಗಿ ನಿಂತು ಕಾಯುತ್ತವೆ. ನಿಮ್ಮ ಮಗ ಶಶಿಧರನಿಗೆ ಕೆಲಸ ಬಹಳ. ಅವನ ಮಗಳು ಇಶಾ ಕಾರು ಕಲಿಯುತ್ತಿದ್ದಾಳೆ. ಅವಳು ಡ್ರೈವ್ ಮಾಡುವಾಗ ನಾನು ಹಿಂದಿನ ಸೀಟಿನಲ್ಲಿ ಕೂತು ಬಸವಣ್ಣನನ್ನು ನೆನೆಯುತ್ತೇನೆ, ಅವಳು ಕನ್ನಡಿಯಲ್ಲಿ ನನ್ನ ತುಟಿ ನೋಡಿ ನಗುತ್ತಾಳೆ. ಹದಿನಾರು ವರ್ಷದವಳ ಕೈಗೆ ಸ್ಟೀರಿಂಗ್ ಕೊಡುವ ಈ ಅಮೆರಿಕದ ಧೈರ್ಯ ದೊಡ್ಡದು.

ಈಗ ವಿಷಯಕ್ಕೆ ಬರುತ್ತೇನೆ. ದೀಪಾವಳಿ ಮುಗಿದ ಮೇಲೆ ಮಕ್ಕಳಿಬ್ಬರೂ ನಮ್ಮನ್ನು ಹಂಚಿಕೊಂಡದ್ದು ನೆನಪಿದೆಯಲ್ಲ. ಸ್ವರೂಪ ಬೆಳಗಾದರೆ ವಾರೆನ್ ಊರಿನ ಆಫೀಸಿಗೆ ಓಡುತ್ತಾಳೆ, ಆದ್ದರಿಂದ ಅವಳ ಮಗಳು ತಾನ್ಯಾಳನ್ನು ಶಾಲೆಯ ಬಸ್ಸಿಗೆ ಹತ್ತಿಸಿ ಇಳಿಸಿಕೊಳ್ಳಲು ಮಿಶಿಗನ್ನಿನ ವೆಸ್ಟ್ ಬ್ಲೂಮ್‌ಫೀಲ್ಡಿಗೆ ನೀವು. ಲಾವಣ್ಯ ಆಸ್ಪತ್ರೆಯ ಕೆಲಸಕ್ಕೆ ಮರಳಿದಳೆಂದು ಅಡಿಗೆಮನೆಗೆ ಇಲ್ಲಿಗೆ ನಾನು. ಕಾರಿನಲ್ಲಿ ಐದು ಗಂಟೆಯ ದಾರಿ, ಗಡಿಯಾರದಲ್ಲಿ ಒಂದು ಗಂಟೆಯ ಅಂತರ. ಸಂಕ್ರಾಂತಿಗೆ ಬರುತ್ತೇನೆ ಅಂದಿರಿ, ಹಿಮ ಬಿತ್ತು. ಅದನ್ನು ನಂಬಿದೆ, ಟಿವಿಯಲ್ಲಿ ನಾನೂ ನೋಡಿದ್ದೆ. ಯುಗಾದಿಗೆ ಬರುತ್ತೇನೆ ಅಂದಿರಿ, ಆಮೇಲೆ ತಾನ್ಯಾಳಿಗೆ ಪರೀಕ್ಷೆ ಅಂದಿರಿ. ಎರಡನೇ ಇಯತ್ತೆಯ ಹುಡುಗಿಗೆ ಈ ದೇಶದಲ್ಲಿ ಯಾವ ಪರೀಕ್ಷೆ? ಬಸವ ಜಯಂತಿಯ ದಿನ ಮತ್ತೆ ಕೇಳಿದರೆ “ಇನ್ನೊಂದೀಟು ದಿನಾ ಇಲ್ಲೇ ಇರ್ತೀನಿ ತಗೋ, ನೀಲಾ” ಅಂದಿರಿ. ಆ ‘ಇರ್ತೀನಿ’ ನನ್ನ ಕಿವಿಯಲ್ಲಿ ಚುಚ್ಚಿಕೊಂಡಿತು. ಯಾಕೆಂದರೆ ಅಷ್ಟರಲ್ಲಿ ನಾನು ಸಾವಕ್ಕನ ಹೆಸರು ನೋಡಿಯಾಗಿತ್ತು.

ಯಾವ ಸಾವಕ್ಕ ಎಂದು ಹುಬ್ಬೇರಿಸಬೇಡಿ. ಶಶಿಧರ ಮನೆಮಂದಿಗೆಲ್ಲ ಹಾಡು ಕೇಳುವ ಫ್ಯಾಮಿಲಿ ಅಕೌಂಟ್ ಮಾಡಿಸಿದಾಗ ನಮ್ಮಿಬ್ಬರಿಗೂ ಸೇರಿಸಿ ‘ಅಜ್ಜ-ಅಜ್ಜಿ’ ಎಂದು ಒಂದೇ ಹೆಸರು ಕೊಟ್ಟ. “ನಿಮ್ಮಿಬ್ಬರಿಗೂ ಒಂದ ಸಾಕ ಬಿಡವ್ವಾ” ಅಂದ. ಸಾಕಾಗಲಿಲ್ಲ. ಮುಂಜಾನೆ ಹತ್ತರ ಸುಮಾರಿಗೆ ನಾನು ವಚನ ಹಚ್ಚಿಕೊಂಡು ರೊಟ್ಟಿ ಬಡಿಯುತ್ತಿದ್ದರೆ ಹಾಡು ನಡುವೆಯೇ ಗಪ್ಪಾಗುತ್ತದೆ. ಯಂತ್ರ ಕೆಟ್ಟಿದೆ ಅಂದುಕೊಂಡೆ. ಹಿಟ್ಟಿನ ಕೈ ಒರೆಸಿಕೊಂಡು ಟ್ಯಾಬ್ಲೆಟ್ ನೋಡಿದರೆ, ಕೆಳಗೆ ಒಂದು ಹಸಿರು ಗೆರೆ: ಹಾಡು ಈಗ ಸ್ವರೂಪಳ ಬೇಸ್‌ಮೆಂಟಿನಲ್ಲಿ ನಡೆಯುತ್ತಿದೆ, ಅಂತ. ಒಂದೇ ಹೆಸರಿನಲ್ಲಿ ಎರಡು ಕಡೆ ಹಾಡು ನಡೆಯುವುದಿಲ್ಲವಂತೆ, ಇಶಾ ಹೇಳಿದಳು. ನೀವು ಒತ್ತಿದರೆ ನನ್ನದು ನಿಲ್ಲುತ್ತದೆ, ನಾನು ಒತ್ತಿದರೆ ನಿಮ್ಮದು. ಹಾಗೋ ಎಂದು ನಾನೂ ಒತ್ತಿದೆ. ಅರೆಗಳಿಗೆಯಲ್ಲಿ ನೀವು ಕಿತ್ತುಕೊಂಡಿರಿ. ಮತ್ತೆ ಒತ್ತಿದೆ, ಮತ್ತೆ ಕಿತ್ತುಕೊಂಡಿರಿ. ಅಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸಂಜೆ ಫೋನಿನಲ್ಲಿ ಏನು ಕೇಳುತ್ತಿದ್ದಿರಿ ಅಂದರೆ “ಏನಿಲ್ಲ, ಸುಮ್ಮನ” ಅಂದಿರಿ.

ಸುಮ್ಮನೆ ಏನು ಎಂದು ಮರುದಿನ ತೆಗೆದು ನೋಡಿದೆ. ನೀವು ಮಠದ ಭಜನೆಗೆ ಅರ್ಧ ಆಯುಷ್ಯ ಹಾರ್ಮೋನಿಯಂ ಪೇಟಿ ನುಡಿಸಿದವರು, ವಚನವೋ ನಾಟಕದ ಪದವೋ ಇರಬೇಕು ಅಂದುಕೊಂಡಿದ್ದೆ. ಇಂಗ್ಲಿಷ್ ಅಕ್ಷರದಲ್ಲಿ ಸವಾಕೋ ಎಂದು ಬರೆದಿತ್ತು. ನಾನು ಸಾವಕ್ಕ ಎಂದೇ ಓದಿದೆ. ಅದರ ಕೆಳಗೆ ‘ಪಾಪ್ಯುಲರ್’ ಎಂಬ ತಲೆಬರಹ, ಅದರಡಿ ಐದು ಹೆಸರು. ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ಹಾರು. ಕುರಿ. ಆಮೆ. ಮನೆ. ಇರು. ಐದೂ ಅಪ್ಪಟ ಕನ್ನಡ! ನಮ್ಮ ಕಡೆಯ ಯಾವಳೋ ಸಾವಕ್ಕ ಗುಟ್ಟಿನ ಮಾತಿನಲ್ಲಿ ನಿಮಗೆ ಏನೋ ತಿಳಿಸುತ್ತಿದ್ದಾಳೆ! ಕುರಿ ಎಂದರೆ ನಾನೇ ಇರಬೇಕು, ಇಷ್ಟು ತಿಂಗಳಿಂದ ನೀವು ಹೇಳಿದ್ದಕ್ಕೆಲ್ಲ ತಲೆ ಆಡಿಸಿದವಳು ನಾನೇ ತಾನೆ. ಆಮೆ ಯಾರು? ಮನೆ ಬಿಟ್ಟು ಹಾರು ಎಂದೇ? ಏನೂ ಬಗೆಹರಿಯಲಿಲ್ಲ. ಕೊನೆಯದೊಂದು ಮಾತ್ರ ನಿಚ್ಚಳವಾಗಿತ್ತು, ಮತ್ತು ನೀವು ತಿರುತಿರುಗಿ ಹಚ್ಚಿದ್ದು ಅದೊಂದನ್ನೇ.

ಇರು ಅಂತೆ, ಇರು! ಏಕವಚನ ನೋಡಿ. ನಿಮಗೆ ಇರು ಅನ್ನುವ ಹಕ್ಕು ಇದ್ದದ್ದು ನಿಮ್ಮ ಅವ್ವ ಕಮಲವ್ವನಿಗೆ. ಅವರು ಲಿಂಗೈಕ್ಯರಾಗಿ ಎಷ್ಟೋ ಕಾಲವಾಯಿತು. ಕೈಹಿಡಿದ ನಾನೇ ನಲವತ್ತೆಂಟು ವರ್ಷದಲ್ಲಿ ಒಮ್ಮೆಯೂ ಅಂದಿಲ್ಲ. ಇರ್ರಿ, ಬರ್ರಿ, ಉಣ್ರಿ. ಸಿಟ್ಟು ನೆತ್ತಿಗೇರಿದಾಗಲೂ “ಹೋಗ್ರಿ ಅತ್ಲಾಗ” ಅಂದಿದ್ದೇನೆ, ಹೋಗು ಅಂದಿಲ್ಲ. ಮದುವೆಯಾದ ಹೊಸತರಲ್ಲಿ ನೀವೇ ಒಮ್ಮೆ, “ಯಾರೂ ಇಲ್ಲದಾಗರೆ ಏಕವಚನದಾಗ ಕರೀ, ನೀಲಾ” ಎಂದು ಕೇಳಿದಿರಿ. ನಾನು ಬಾಯಿಗೆ ಸೆರಗು ಒತ್ತಿಕೊಂಡು ನಗುತ್ತಾ ಒಳಗೆ ಓಡಿದೆ. ಆಮೇಲೆ ನೀವು ಕೇಳಲಿಲ್ಲ, ನಾನು ಕರೆಯಲಿಲ್ಲ. ಈಗ ಮಿಶಿಗನ್ನಿನ ಬೇಸ್‌ಮೆಂಟಿನಲ್ಲಿ ಯಾವಳೋ ಬಂದು ಸಲೀಸಾಗಿ ಇರು ಅನ್ನುತ್ತಾಳೆ, ನೀವು “ಇರ್ತೀನಿ” ಅನ್ನುತ್ತೀರಿ. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಇಶಾಗೆ ತೋರಿಸಿದೆ. ಅವಳು ನಕ್ಕು ನಕ್ಕು ಸೋಫಾದ ಮೇಲೆ ಬಿದ್ದಳು. “ಅಜ್ಜೀ, ಶೀ ಈಸ್ ಜಾಪನೀಸ್! ಅ ಜಾಝ್ ಪಿಯಾನಿಸ್ಟ್!” ಸವಾಕೋ ಕುರೊಮಿಜು ಎಂದು ಹೆಸರಂತೆ. ಅವಳು ನುಡಿಸಿದ್ದು ನೂರಾರು ಇವೆ, ಜನ ಹೆಚ್ಚು ಕೇಳುವ ಐದನ್ನು ಮೇಲೆ ಹಾಕಿರುತ್ತಾರೆ, ಅದಕ್ಕೇ ಪಾಪ್ಯುಲರ್. ಅವು ಜಪಾನಿ ಮಾತುಗಳು. ಹಾರು ಅಂದರೆ ವಸಂತ ಋತು, ಕುರಿ ಅಂದರೆ ಸುಟ್ಟು ತಿನ್ನುವ ಒಂದು ಕಾಯಿ, ಆಮೆ ಅಂದರೆ ಮಳೆ, ಮನೆ ಅಂದರೆ ಅಣಕ. ಇರು ಅಂದರೇನು ಎಂದು ಕೇಳುವಷ್ಟರಲ್ಲಿ ಅವಳ ಗೆಳತಿಯ ಫೋನು ಬಂತು, ಎದ್ದು ಹೋದಳು. ನನಗೆ ಜೀವ ತಣ್ಣಗಾಯಿತು. ಆಮೇಲೆ ಆ ಹೆಂಗಸಿನ ಫೋಟೋ ನೋಡಿದೆ. ಬೆಳ್ಳಿ ಕೂದಲು, ಕಪ್ಪು ಉಡುಪು, ಐವತ್ತರ ಮೇಲಿರಬೇಕು, ಆದರೂ ಲಕ್ಷಣವಾಗಿದ್ದಾಳೆ. ತಣ್ಣಗಾದ ಜೀವ ಮತ್ತೆ ಕುದಿಯತೊಡಗಿತು.

ಯಾಕೆಂದರೆ ನಿಮ್ಮ ಕಡೆ ಕಾರು ಕಂಪನಿಗಳಿಗಾಗಿ ಬಂದ ಜಪಾನಿ ಸಂಸಾರಗಳು ಬಹಳ ಎಂದು ಸ್ವರೂಪಳೇ ಹೇಳಿದ್ದಳು. ಏಪ್ರಿಲ್ಲಿನಲ್ಲಿ ಒಂದು ಸಂಜೆ ಫೋನು ತಾನ್ಯಾಳ ಕೈಗೆ ಸಿಕ್ಕಿತು. ಅಜ್ಜ ಎಲ್ಲಿ ಅಂದೆ. “ಅಜ್ಜಾಸ್ ಲೇಡಿ ಈಸ್ ಹಿಯರ್” ಅಂದಳು. ಯಾವ ಲೇಡಿ ಅಂದರೆ, “ದ ಟ್ಯೂಸ್‌ಡೇ ಲೇಡಿ. ಶೀ ಹೋಲ್ಡ್ಸ್ ಹಿಸ್ ಹ್ಯಾಂಡ್.” ಫೋನು ಕಟ್ಟಾಯಿತು. ಐದು ನಿಮಿಷಕ್ಕೆ ಸ್ವರೂಪ ತಾನಾಗಿ ಫೋನು ಮಾಡಿ, ನಾನು ಏನೂ ಕೇಳದಿದ್ದರೂ, “ಅಕಿ ತಾನ್ಯಾನ ಪಿಯಾನೋ ಟೀಚರ್ ಅವ್ವಾ” ಅಂದಳು. ತಾನ್ಯಾಳ ಟೀಚರ್ ತಾನ್ಯಾಳ ಅಜ್ಜನ ಕೈ ಯಾಕೆ ಹಿಡಿಯಬೇಕು? ಇತ್ತ ನೀವು ಗುಂಡಿಯಂಗಿ ಬಿಟ್ಟು ಟೀ ಶರ್ಟಿಗೆ ಇಳಿದಿರಿ, ಎಪ್ಪತ್ತೆರಡರಲ್ಲಿ, ಅದೂ ಕಿತ್ತಳೆ ಬಣ್ಣದ್ದು! ಪೇಟಿ ಎಲ್ಲಿ ಅಂದರೆ “ಕ್ಲಾಸೆಟ್ಟಿನಾಗ ಇಟ್ಟೀನಿ” ಅಂದಿರಿ. ಗದಗಿನಿಂದ ಹೊರಟಾಗ ಲಗೇಜಿಗೆ ಹಾಕಲು ಒಪ್ಪದೆ, ವಿಮಾನದಲ್ಲಿ ಕೂಸಿನ ಹಾಗೆ ಕಾಯ್ದುಕೊಂಡು ತಂದ ಪೇಟಿ ಅದು. ಜಪಾನಿನವಳ ಪಿಯಾನೋ ಬಂತು, ಪೇಟಿ ಕ್ಲಾಸೆಟ್ ಸೇರಿತು, ಹೆಂಡತಿ ನೇಪರ್‌ವಿಲ್ಲಿನಲ್ಲಿ ಉಳಿದಳು. ನಾನು ಕೂಡಿಸಿದ ಲೆಕ್ಕ ಹೀಗಿತ್ತು.

ಆದರೆ ಒಂದು ಮಾತು ಈ ಲೆಕ್ಕದಲ್ಲಿ ಕೂರುತ್ತಿರಲಿಲ್ಲ. ಯುಗಾದಿಯ ದಿನ ಹಬ್ಬಕ್ಕೆಂದು ನೀಲಿ ಅಂಗಿ ತೊಟ್ಟು ಫೋನಿನ ಮುಂದೆ ಕೂತಿದ್ದಿರಿ. ಹಣೆಯ ವಿಭೂತಿ ಸೊಟ್ಟಗಿತ್ತು. ಮೂರು ಬೆರಳು ಒಮ್ಮೆ ಎಳೆದರೆ ಪಟ್ಟಿ ಇಟ್ಟು ಗೆರೆ ಹೊಡೆದಂತೆ ಬರುತ್ತಿದ್ದ ವಿಭೂತಿ! ಬೇವು-ಬೆಲ್ಲವನ್ನು ಎಡಗೈಯಲ್ಲಿ ಎತ್ತಿ ಬಾಯಿಗೆ ಹಾಕಿಕೊಂಡಿರಿ. ಹಬ್ಬದ ದಿನ, ಎಡಗೈ! ಇಶಾ ಸಣ್ಣವಳಿದ್ದಾಗ ಎಡಗೈಯಲ್ಲಿ ಚಕ್ಕಲಿ ಹಿಡಿದಳೆಂದು ಊಟ ಮುಗಿಯುವವರೆಗೆ ಉಪದೇಶ ಮಾಡಿದ ಮನುಷ್ಯ ನೀವು. ಲಾವಣ್ಯಳಿಗೆ ಅಂದೆ. ಅವಳು ನನ್ನ ಮುಖ ನೋಡದೆ, “ಅತ್ತೆ, ಫೋನ್‌ನಲ್ಲಿ ಎಲ್ಲಾ ಉಲ್ಟಾ ಕಾಣ್ಸತ್ತೆ, ಕನ್ನಡಿ ಥರ” ಅಂದಳು. ಇರಬಹುದು ಎಂದು ಒಪ್ಪಿಕೊಂಡೆ. ಪಾತ್ರೆ ತೊಳೆಯುವಾಗ ನಿಮ್ಮ ಅಂಗಿಯ ಜೇಬು ನೆನಪಾಯಿತು. ಗಂಡಸರ ಅಂಗಿಗೆ ಜೇಬು ಎಡಕ್ಕೆ. ಫೋನು ಕೈಯನ್ನು ಉಲ್ಟಾ ಮಾಡಿದರೆ ಜೇಬನ್ನೂ ಉಲ್ಟಾ ಮಾಡಬೇಕಲ್ಲ? ಬೇವು-ಬೆಲ್ಲ ಎತ್ತಿದ್ದು ಜೇಬಿನ ಕಡೆಯ ಕೈಯೇ. ಲಾವಣ್ಯ ಡಾಕ್ಟರು, ಅವಳಿಗೆ ಇಷ್ಟು ತಿಳಿಯುವುದಿಲ್ಲವೇ? ಅಂದರೆ ಅವಳೂ ನಿಮ್ಮ ಕಡೆ ಸೇರಿದ್ದಾಳೆ ಎಂದು ಅವತ್ತು ಗೊತ್ತಾಯಿತು. ಏನನ್ನು ಮುಚ್ಚಿಡುತ್ತಿದ್ದಾರೆ ಎಂಬುದೊಂದೇ ಗೊತ್ತಾಗಲಿಲ್ಲ.

ಕಳೆದ ವಾರ, ಎದುರಾಳಿಯ ಬಲ ತಿಳಿದಿರಲಿ ಎಂದು ಸಾವಕ್ಕನ ಐದನ್ನೂ ಕೂತು ಕೇಳಿದೆ. ಹೆಂಗಸು ಸಾಮಾನ್ಯಳಲ್ಲ. ಹಾರು ಹಾರುವುದಿಲ್ಲ, ಮೆಲ್ಲಗೆ ಕಣ್ಣು ಬಿಡುತ್ತದೆ. ಕುರಿಯಲ್ಲಿ ಟಪ್ ಟಪ್ ಎಂದು ಏನೋ ಉದುರುತ್ತಲೇ ಇರುತ್ತದೆ, ಹಿಂದೆ ಒಬ್ಬ ದೊಡ್ಡ ತಂತಿವಾದ್ಯ ಮೀಟುತ್ತಾನೆ. ಆಮೆಗೆ ಇಷ್ಟು ಅವಸರ ಯಾಕೆ ಅಂದುಕೊಂಡೆ, ಆಮೇಲೆ ಮಳೆ ಎಂಬುದು ನೆನಪಾಯಿತು. ಮನೆಯಲ್ಲಿ ಒಂದು ಕೈ ಹೇಳಿದ್ದನ್ನು ಇನ್ನೊಂದು ಕೈ ಅಣಕಿಸುತ್ತದೆ. ನಮ್ಮಿಬ್ಬರ ಬೆಳಗಿನ ಚಹಾದ ಹೊತ್ತಿನ ಮಾತಿನ ಹಾಗೆಯೇ ಇತ್ತು, ನಕ್ಕುಬಿಟ್ಟೆ. ಇರು ಬಂತು. ತಂತಿಯವನಿಲ್ಲ, ತಾಳದವನಿಲ್ಲ. ಕೆಳಗಿನ ಸ್ವರಗಳಲ್ಲಿ ಒಂದು ಕೈ ನಡೆಯತೊಡಗಿತು. ಮೇಲಿನ ಕೈ ಈಗ ಬರುತ್ತದೆ, ಈಗ ಬರುತ್ತದೆ ಎಂದು ಕಾಯುತ್ತಾ ಕೂತೆ. ಹಾಡು ಮುಗಿಯಿತು, ಮೇಲಿನ ಕೈ ಬರಲಿಲ್ಲ. ಮರುದಿನ ಹತ್ತಕ್ಕೆ ನೀವು ಹಚ್ಚಿದಾಗ ನಾನು ಕಿತ್ತುಕೊಳ್ಳಲಿಲ್ಲ, ಹಸಿರು ಗೆರೆ ನೋಡುತ್ತಾ ನಿಂತೆ. ಗೆರೆ ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಹಿಂದಕ್ಕೆ ಬರುತ್ತದೆ, ಮತ್ತೆ ಅಷ್ಟೇ ಓಡುತ್ತದೆ. ಇದು ಕೇಳುವವರ ರೀತಿಯಲ್ಲ. ಹೊಸ ಪದ ಕಲಿಯುವಾಗ ನೀವು ಹಳೆಯ ಟೇಪ್ ರಿಕಾರ್ಡರನ್ನು ಹೀಗೇ ಹಿಂದೆ ಮುಂದೆ ಓಡಿಸಿ ನನ್ನ ತಲೆ ತಿನ್ನುತ್ತಿದ್ದಿರಿ.

ಮುಂದಿನ ಕೋಣೆಯಲ್ಲಿ ಇಶಾಳ ಪಿಯಾನೋ ಇದೆಯಲ್ಲ. ಇದನ್ನು ಸ್ವಲ್ಪ ನುಡಿಸಿ ತೋರಿಸು ಎಂದು ಅವಳನ್ನು ಕಾಡಿದೆ. ಅವಳು ಎರಡು ಸಲ ಕೇಳಿ ಕೂತಳು. “ಇಟ್ಸ್ ಆಲ್ ಲೆಫ್ಟ್ ಹ್ಯಾಂಡ್, ಅಜ್ಜಿ” ಅಂದಳು. ಆ ಸವಾಕೋ ಬಲಗೈ ನೋವಿನಿಂದ ನುಡಿಸಲಾಗದೆ ಇದ್ದ ಕಾಲದಲ್ಲಿ ಕಟ್ಟಿದ್ದಂತೆ. ಇಶಾ ಎಡಗೈಯಲ್ಲಿ ನುಡಿಸುತ್ತಿದ್ದಳು. ನನ್ನ ಕಣ್ಣು ಅವಳ ಬಲಗೈಯ ಮೇಲೆ ಬಿತ್ತು. ಅದು ಕೆಲಸವಿಲ್ಲದೆ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಯುಗಾದಿಯ ದಿನ ನಿಮ್ಮ ಬಲಗೈ ಹಾಗೆಯೇ ಬಿದ್ದಿತ್ತು. ಬಸವ ಜಯಂತಿಯ ದಿನ ಅದರ ಮೇಲೆ ಶಾಲು ಇತ್ತು. ಇಶಾ ನುಡಿಸಿ ಮುಗಿಸಿದ ಮೇಲೆ, ಇರು ಅಂದರೇನು ಎಂದು ಕೇಳಿದೆ. “ಇಟ್ ಮೀನ್ಸ್ ಟು ಬಿ. ಟು ಬಿ ದೇರ್. ಬಟ್ ಓನ್ಲಿ ಫಾರ್ ಲಿವಿಂಗ್ ಥಿಂಗ್ಸ್, ಅಜ್ಜಿ. ನಾಟ್ ಫಾರ್ ಅ ಚೇರ್” ಅಂದಳು. ಅಲ್ಲಿಗೆ ಐದರಲ್ಲಿ ನಾಲ್ಕು ನಾನು ತಪ್ಪು ಓದಿದ್ದೆ, ಒಂದನ್ನು ಸರಿಯಾಗಿ ಓದಿದ್ದೆ.

ಲಾವಣ್ಯಳನ್ನು ‘ಏನಾಯಿತು’ ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ‘ಏನಿಲ್ಲ’ ಎಂಬುದು ಅವಳ ತುಟಿಯ ಮೇಲೇ ಸಿದ್ಧವಿರುತ್ತದೆ. ಅವಳು ಸಾರಿಗೆ ಒಗ್ಗರಣೆ ಹಾಕುತ್ತಿದ್ದಾಗ ಹಿಂದೆ ನಿಂತು “ಯಾವ ಕೈ?” ಅಂದೆ. ಒಲೆ ಆರಿಸಿದಳು. “ಬಲಗೈ, ಅತ್ತೆ” ಅಂದು ಅತ್ತುಬಿಟ್ಟಳು. ಶಿವರಾತ್ರಿಯ ಮರುದಿನ ಸ್ಟ್ರೋಕ್ ಆದದ್ದು, ಮಾತು ಮತ್ತು ಕಾಲು ಉಳಿದು ಕೈಯೊಂದು ನಿಂತದ್ದು, ಮಂಗಳವಾರದ ಲೇಡಿ ಬೆರಳಿಗೆ ವ್ಯಾಯಾಮ ಮಾಡಿಸಲು ಬರುವುದು, ಪೇಟಿ ಬಿಟ್ಟು ನೀವು ಊಟ ಬಿಟ್ಟವರಂತೆ ಆದಾಗ ಈ ಒಂಟಿಕೈ ಹಾಡನ್ನು ಆ ಲೇಡಿಯೇ ಹುಡುಕಿ ಕೊಟ್ಟದ್ದು, ನೀವು ತಾನ್ಯಾಳ ಕೀಬೋರ್ಡಿನ ಮೇಲೆ ಅದನ್ನು ಕಲಿಯುತ್ತಿರುವುದು, ಎಲ್ಲ ಹೊರಬಂತು. “ಕೈ ಬರೂತನಕ ನೀಲಾಗ ಹೇಳಬ್ಯಾಡ್ರಿ” ಎಂದು ಎಲ್ಲರ ಬಾಯಿ ಕಟ್ಟಿದವರು ನೀವೇ ಅಂತೆ. ನನ್ನ ಬಿಪಿಗೆ ಹೆದರಿ! ನನಗೆ ಮೊದಲು ಬಂದದ್ದು ಸಿಟ್ಟು. ಜಪಾನಿನವಳೇ ಆಗಿದ್ದರೆ ಚೆನ್ನಾಗಿತ್ತು, ಅವಳ ಬೆಳ್ಳಿ ಜುಟ್ಟು ಹಿಡಿದು ಜಗಳವಾದರೂ ಆಡಬಹುದಿತ್ತು. ನಿಮ್ಮ ಕೈ ಬಿದ್ದಿರುವಾಗ ನಾನಿಲ್ಲಿ ಟೀ ಶರ್ಟಿನ ಬಣ್ಣ ನೋಡಿ ಉರಿದುಕೊಳ್ಳುತ್ತಿದ್ದೆ. ಗುಂಡಿ ಹಾಕಲು ಆಗದೆ ಅದನ್ನು ತೊಟ್ಟಿದ್ದೀರಿ, ಯುಗಾದಿಯ ಅಂಗಿಗೂ ಸ್ವರೂಪಳೇ ಗುಂಡಿ ಹಾಕಿದ್ದಳು ಎಂದು ಯಾರಾದರೂ ಹೇಳಿದ್ದರೆ! ಸಿಟ್ಟು ಇಳಿದ ಮೇಲೆ ಭಯವಾಯಿತು. ದಿನಾ ಲಿಂಗಪೂಜೆಗೆ ಕೂರುತ್ತೀರಿ. ಲಿಂಗ ಎಡ ಅಂಗೈಯಲ್ಲಿ. ಪತ್ರೆ ಏರಿಸುವ ಕೈ ಯಾವುದು? ಇದು ನೆನಪಾದಾಗ ತಡೆದುಕೊಳ್ಳಲು ಆಗಲಿಲ್ಲ, ಬಚ್ಚಲ ಬಾಗಿಲು ಹಾಕಿಕೊಂಡು ನೀರು ಬಿಟ್ಟು ಅತ್ತೆ.

ಗುಳಿಗೆ ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳಿ. ಉಪ್ಪಿನಕಾಯಿ ಮುಟ್ಟಬೇಡಿ. ಮಂಗಳವಾರದ ಲೇಡಿಗೆ ನನ್ನ ನಮಸ್ಕಾರ ತಿಳಿಸಿ, ಅವಳು ಎಷ್ಟು ಹೊತ್ತು ಬೇಕಾದರೂ ನಿಮ್ಮ ಕೈ ಹಿಡಿಯಲಿ. ತಾನ್ಯಾಳಿಗೆ ಮುದ್ದು, ಆ ಮನೆಯಲ್ಲಿ ನಿಜ ಹೇಳಿದವಳು ಅವಳೊಬ್ಬಳೇ. ಸ್ವರೂಪಳಿಗೆ ಅರ್ಧ ಆಶೀರ್ವಾದ, ಉಳಿದರ್ಧ ಬೈಗುಳ ಮುಗಿದ ಮೇಲೆ. ಬಸವಣ್ಣ ನಿಮ್ಮನ್ನು ಕಾಯಲಿ.

ನಿಮ್ಮ
ನೀಲಮ್ಮ

ತಾ.ಕ.: ಲಕೋಟೆಯ ಬಾಯಿಗೆ ಒಂದೇ ಮೂಲೆಯಲ್ಲಿ ಅಂಟು ಹಚ್ಚಿದ್ದೇನೆ, ಎಡಗೈಯಲ್ಲೇ ಬಿಚ್ಚಬಹುದು. ಶಶಿಧರ “ಮುಂದಿನ ತಿಂಗಳ ನೋಡೂಣವ್ವಾ” ಅಂದ. ನಾನು ಚೀಲ ಕಟ್ಟಿ ಅವನ ಕಾರಿನ ಡಿಕ್ಕಿಯಲ್ಲಿ ಇಟ್ಟಾಗಿದೆ, ಶನಿವಾರ ಕರೆತರುತ್ತಾನೆ. ಮರಳಿ ಬರುವ ಮಾತಿಲ್ಲ, ಇಲ್ಲಿಯವರು ರೊಟ್ಟಿ ತಾವೇ ಬಡಿದುಕೊಳ್ಳಲಿ. ಪೇಟಿಯನ್ನು ಕ್ಲಾಸೆಟ್ಟಿನಿಂದ ಹೊರಗೆ ತೆಗೆಸಿಡಿ. ಎಡಗೈ ನುಡಿಸಲಿ, ಗಾಳಿ ನಾನು ಹಾಕುತ್ತೇನೆ. ಮದುವೆಯ ಹೊಸತರಲ್ಲಿ ನೀವು ಕೇಳಿದ್ದನ್ನು ಕೆಳಗೆ ಬರೆಯುತ್ತಿದ್ದೇನೆ, ಯಾರೂ ಇಲ್ಲದಾಗ ಓದಿ. ನಾನು ಬರುತ್ತಿದ್ದೇನೆ.

ಇರು.